ಗೋಡೆ ಪತ್ರಿಕೆ ಎಲ್ಲಿಗೆ ಬಂತು?

ಜೂನ್‌ನಲ್ಲಿ ಶುರು ಮಾಡಿದ ಗೋಡೆ ಪತ್ರಿಕೆ ಈಗ ಒಂದು ಹದಕ್ಕೆ ಬಂದಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ನಮ್ಮದು ಮಂಡ್ಯ ಕಡೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆ, ನಾನು ಕನ್ನಡ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಮಕ್ಕಳು ಬರೆದದ್ದನ್ನು ಡ್ರಾಯಿಂಗ್ ಶೀಟಿಗೆ ಅಂಟಿಸಿ ವರಾಂಡದ ಗೋಡೆಗೆ ಹಾಕುತ್ತೇವೆ. ಅಷ್ಟೇ ಪ್ರಾಜೆಕ್ಟು.

ಇದು ಯಾಕೆ ಬೇಕಾಯಿತು ಅಂದರೆ, ಗೈಡ್. ಗಾದೆ ವಿಸ್ತರಣೆ ಕೊಟ್ಟರೆ ಇಡೀ ಕ್ಲಾಸು ‘ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಅಂತಲೇ ಶುರು ಮಾಡುತ್ತದೆ. ಪ್ರಬಂಧ ಅಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಗ್ರಂಥಾಲಯದ ಮಹತ್ವ ಅಂತ ಎರಡು ಪುಟ ಬರೆದವರಲ್ಲಿ ಎಷ್ಟೋ ಜನ ಗ್ರಂಥಾಲಯದ ಒಳಗೆ ಕಾಲಿಟ್ಟಿರುವುದಿಲ್ಲ. ಮಕ್ಕಳನ್ನು ಬೈದು ಏನು ಪ್ರಯೋಜನ? ಎಸ್‌ಎಸ್‌ಎಲ್‌ಸಿಯ ಪ್ರಥಮ ಭಾಷೆ ಪತ್ರಿಕೆಯಲ್ಲಿ ಗಾದೆ, ಪತ್ರ, ಪ್ರಬಂಧ ಮೂರೂ ಇರುತ್ತವೆ, ಬಾಯಿಪಾಠ ಮಾಡಿ ಬರೆದವರಿಗೆ ಅಂಕವೂ ಬರುತ್ತದೆ. ಹಾಗಿರುವಾಗ ಸ್ವಂತ ಯಾಕೆ ಬರೀಬೇಕು ಸಾರ್ ಅಂತ ಒಬ್ಬ ಕೇಳಿಯೇ ಬಿಟ್ಟ. ನ್ಯಾಯವಾದ ಪ್ರಶ್ನೆ, ಅಲ್ವಾ?

ಹಾಗಾಗಿ ಗೋಡೆ ಪತ್ರಿಕೆಗೆ ಒಂದೇ ನಿಯಮ. ಬರೆಯುವವರಿಗೆ ಚೆನ್ನಾಗಿ ಗೊತ್ತಿರಬೇಕು, ಕ್ಲಾಸಿನಲ್ಲಿ ಅದು ಗೊತ್ತಿಲ್ಲದವರು ಒಬ್ಬರಾದರೂ ಇರಬೇಕು.

ಈ ಸಲ ಒಬ್ಬ ಹುಡುಗ ಆಲೆಮನೆ ಬಗ್ಗೆ ಬರೆದ. ಮೊದಲ ಸಲ ತಂದದ್ದು ನಾಲ್ಕೇ ಸಾಲು: ಕಬ್ಬು ಅರೆಯುತ್ತಾರೆ, ಕಬ್ಬಿನ ಹಾಲು ಕಾಯಿಸುತ್ತಾರೆ, ಅಚ್ಚಿಗೆ ಹಾಕುತ್ತಾರೆ, ಬೆಲ್ಲ ಆಗುತ್ತದೆ. ನಾನು ಏನೂ ತಿದ್ದಲಿಲ್ಲ, ಎದ್ದು ಜೋರಾಗಿ ಓದು ಅಂದೆ. ಓದಿ ಮುಗಿಸುವಷ್ಟರಲ್ಲಿ ಪ್ರಶ್ನೆಗಳು ಶುರು. ಒಲೆಗೆ ಏನು ಹಾಕುತ್ತಾರೆ? ಹಾಲಿನ ಕೊಳೆ ಎಲ್ಲಿ ಹೋಗುತ್ತೆ? ಪಾಕ ಬಂತು ಅಂತ ಹೇಗೆ ಗೊತ್ತಾಗುತ್ತೆ? ಎಲ್ಲಕ್ಕೂ ಅವನ ಬಾಯಲ್ಲಿ ಉತ್ತರ ಇತ್ತು, ಹಾಳೆಯ ಮೇಲೆ ಇರಲಿಲ್ಲ. ಈಗ ಹೇಳಿದ್ದನ್ನೇ ಬರೆ ಅಂದೆ. ಎರಡನೇ ಸಲ ತಂದಾಗ ಒಣಗಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ತುಂಬುವುದು, ಸುಣ್ಣ ಹಾಕುವುದು, ಬೆಂಡೆ ಗಿಡದ ಲೋಳೆ ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುವುದು, ಅದನ್ನು ತೆಗೆದು ಎಸೆಯುವುದು, ಕೊನೆಗೆ ಒಂದು ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟುತ್ತದಾ ಅಂತ ಅವನ ತಾತ ಬೆರಳಲ್ಲಿ ಒತ್ತಿ ನೋಡುವುದು, ಎಲ್ಲ ಬಂದಿತ್ತು. ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ. ನಾನು ಕೇಳಲೂ ಇಲ್ಲ. ಹತ್ತನೇ ಕ್ಲಾಸಿನವರೂ ಬಂದು ನಿಂತು ಓದುತ್ತಿದ್ದಾರೆ.

ಕಾಗುಣಿತದ ಕಥೆ ಬೇರೆಯೇ. ನಮ್ಮ ಕಡೆ ಮಾತಲ್ಲಿ ಹಕಾರ ಬೀಳುತ್ತದೆ, ಬರೆಯುವಾಗಲೂ ಬೀಳುತ್ತದೆ. ಅವನ ಮೊದಲ ಪ್ರತಿಯಲ್ಲಿ ‘ಕಬ್ಬಿನ ಆಲು’ ಇತ್ತು. ಹಕಾರ ಬಿಡಬಾರದು ಅನ್ನುವ ಭಯಕ್ಕೆ ಶೀರ್ಷಿಕೆ ಮಾತ್ರ ‘ಹಾಲೆಮನೆ’! ಕೆಂಪು ಇಂಕಲ್ಲಿ ಪುಟ ತುಂಬಿಸಿದರೆ ಮುಂದಿನ ಸಲ ಮೂರೇ ಸಾಲು ಬರೆಯುತ್ತಾರೆ, ತಪ್ಪು ಕಡಿಮೆಯಾಗಲಿ ಅಂತ. ಅದಕ್ಕೇ ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ನೋಡುತ್ತೇನೆ. ಈ ತಿಂಗಳು ಹಕಾರ, ಮುಂದಿನ ತಿಂಗಳು ಒತ್ತಕ್ಷರ. ತಪ್ಪಿರುವ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಚುಕ್ಕೆ ಇಡುತ್ತೇನೆ, ಯಾವ ಪದ ಅಂತ ಅವರೇ ಹುಡುಕಬೇಕು. ಮಹಾಪ್ರಾಣಕ್ಕೆ ಇನ್ನೂ ಕೈ ಹಾಕಿಲ್ಲ.

ಎಲ್ಲ ಸರಿಹೋಗಿದೆ ಅಂದುಕೊಳ್ಳಬೇಡಿ. ಹಿಂದಿನ ಬೆಂಚಿನಲ್ಲಿ ಕೆಲವರು ಈಗಲೂ ಎರಡು ಸಾಲಿಗೆ ನಿಲ್ಲುತ್ತಾರೆ, ಅವರಿಗೆ ಅಕ್ಷರ ಜೋಡಿಸುವುದೇ ಕಷ್ಟ. ಸದ್ಯಕ್ಕೆ ಅವರು ಹೇಳುತ್ತಾರೆ, ಪಕ್ಕದವರು ಬರೆಯುತ್ತಾರೆ, ಆಮೇಲೆ ಅವರೇ ನೋಡಿಕೊಂಡು ಬರೆಯುತ್ತಾರೆ. ನಿಧಾನ. ಪೋರ್ಶನ್ ಮುಗಿಸುವ ಒತ್ತಡ ಬೇರೆ, ಹಾಗಾಗಿ ಇದಕ್ಕೆ ಸಿಗುವುದು ಶನಿವಾರದ ಒಂದು ಪೀರಿಯಡ್ ಮಾತ್ರ.

ಮುಂದಿನದು ಪತ್ರ ಲೇಖನ. ಇಂದ, ಗೆ, ಮಾನ್ಯರೇ, ವಿಷಯ ಎಲ್ಲ ಬಾಯಿಗೆ ಬರುತ್ತದೆ. ಆದರೆ ಪರೀಕ್ಷೆಯ ಪತ್ರ ಯಾರಿಗೂ ತಲುಪುವುದಿಲ್ಲ. ಈ ಸಲ ಶಾಲೆ ದಾರಿಯ ಬೀದಿ ದೀಪದ ಬಗ್ಗೆ ಗ್ರಾಮ ಪಂಚಾಯಿತಿಗೆ ಬರೆಯುತ್ತಾರಂತೆ. ಯಾವ ಕಂಬ, ಎಂದಿನಿಂದ ಉರಿಯುತ್ತಿಲ್ಲ, ಸಂಜೆ ಆ ದಾರಿಯಲ್ಲಿ ಯಾರು ಓಡಾಡುತ್ತಾರೆ ಅಂತ ನೋಡಿಕೊಂಡು ಬರಲು ಎರಡು ಗುಂಪು ಮಾಡಿದ್ದೇನೆ. ಎಲ್ಲರದ್ದನ್ನೂ ಓದಿ, ಕ್ಲಾಸು ಆರಿಸಿದ ಒಂದನ್ನು ನಿಜವಾಗಿಯೂ ಕಳಿಸುತ್ತೇವೆ. ಉತ್ತರ ಬಂದರೆ ಅದೂ ಗೋಡೆಗೆ.