ದವಡೆ ಮುಟ್ಟಿ ಕಲಿತ ಪದ

ಬಿಎಸ್ಸಿ ಮೊದಲ ವರ್ಷ, ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ತರಗತಿ. ಹೈಸ್ಕೂಲಿನವರೆಗೆ ಕನ್ನಡದಲ್ಲೇ ಓದಿದವನು ನಾನು. ಪಾಠದಲ್ಲಿ ಹೊಸ ಪದ ಕಿವಿಗೆ ಬಿದ್ದರೆ ಮೊದಲು ಕನ್ನಡ ಅಕ್ಷರದಲ್ಲಿ ಗೀಚಿಕೊಳ್ಳುತ್ತಿದ್ದೆ. ಅವತ್ತು ಬರೆದುಕೊಂಡದ್ದು ‘ಅಜ್ಞಾತ’. ನಮ್ಮ ಬಾಯಲ್ಲಿ ‘ಜ್ಞ’ ಹೊರಡುವುದೇ ‘ಗ್ನ’ ಅಂತ, ಅಲ್ವಾ? ಯಾರೂ ಕಂಡಿರದ ಪ್ರಾಣಿಗಳಿರಬೇಕು ಅಂದುಕೊಂಡೆ.

ಬೆಂಚುಗಳ ನಡುವೆ ಬರುತ್ತಿದ್ದ ಮೇಷ್ಟ್ರು ನನ್ನ ನೋಟ್‌ಬುಕ್ ನೋಡಿ ನಿಂತರು. ನಗಲಿಲ್ಲ. “ನಿನ್ನ ಕಿವಿ ಸರಿಯಾಗೇ ಕೇಳಿದೆ ಕಣಪ್ಪ, ಪದ ಬೇರೆ” ಅಂದವರೇ ಬೋರ್ಡಿನ ಮೇಲೆ ದೊಡ್ಡದಾಗಿ ‘ಅಗ್ನಾಥ’ ಎಂದು ಬರೆದರು. “ಎಲ್ಲರೂ ಕಿವಿಯ ಮುಂದೆ ಬೆರಳಿಡಿ. ಈಗ ಬಾಯಿ ತೆಗೆದು ಮುಚ್ಚಿ.” ಬೆರಳಿನಡಿ ಮೂಳೆ ಆಡಿತು. “ಅದೇ ದವಡೆ. ಗ್ರೀಕಿನಲ್ಲಿ ಗ್ನಾಥೋಸ್. ಮುಂದಿರುವ ‘ಅ’ ನಮ್ಮ ಅಸತ್ಯ, ಅನ್ಯಾಯದಲ್ಲಿರುವ ‘ಅ’ ಇದ್ದ ಹಾಗೇ. ದವಡೆ ಇಲ್ಲದ್ದು, ಅಷ್ಟೇ.”

ಅಲ್ಲಿಗೇ ಬಿಡಲಿಲ್ಲ ಅವರು. ದವಡೆಗೆ ಗ್ರೀಕಿನಲ್ಲಿ ಗೆನೂಸ್ ಎಂಬ ಇನ್ನೊಂದು ಪದವಿದೆ, ಅದೂ ಸಂಸ್ಕೃತದ ‘ಹನು’ವೂ ಒಂದೇ ಬೇರಿನವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ ಅಂದರು. ಇಂದ್ರನ ವಜ್ರಾಯುಧ ತಗಲಿ ದವಡೆ ಮುರಿದ ಹುಡುಗನೇ ಹನುಮಂತನಾದ ಕಥೆ ಗೊತ್ತಿತ್ತು. ಆದರೆ ಊರಿನ ಗುಡಿಯ ಹನುಮಪ್ಪನಿಗೂ ಪರೀಕ್ಷೆಗೆ ಉರು ಹೊಡೆಯಬೇಕಾದ ಪದಕ್ಕೂ ನಂಟಿದೆ ಅಂತ ಯಾರು ಅಂದುಕೊಂಡಿದ್ದರು? ಆಮೇಲೆ ನನಗೆ ಆ ಪದ ಮರೆಯಲೇ ಇಲ್ಲ.

ಮಧ್ಯಾಹ್ನ ಪ್ರಾಕ್ಟಿಕಲ್. ಕಪಾಟಿನಿಂದ ಒಂದು ಗಾಜಿನ ಜಾಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಒಳಗೆ ಹಾವಿನಂಥ ಮೀನು, ಪೆಟ್ರೊಮೈಝಾನ್. ಇಂಗ್ಲಿಷಿನಲ್ಲಿ ಲ್ಯಾಂಪ್ರೆ ಅಂತಾರೆ. ನಮ್ಮ ಹೊಳೆಗಳಲ್ಲಿ ಇದಿಲ್ಲ, ತಣ್ಣನೆಯ ದೇಶಗಳ ನದಿ, ಕಡಲುಗಳ ಪ್ರಾಣಿ. ಬಾಯಿ ದುಂಡಗೆ, ಬಟ್ಟಲಿನ ಹಾಗೆ. ಒಳಗೆಲ್ಲ ಸುತ್ತುಸುತ್ತಾಗಿ ಹಳದಿ ಹಲ್ಲು. ಅವು ನಿಜವಾದ ಹಲ್ಲಲ್ಲ, ನಮ್ಮ ಉಗುರಿನಲ್ಲಿರುವ ಕೆರಾಟಿನ್. ಪಕ್ಕಕ್ಕೆ ಕಿವಿರಿನ 7 ತೂತು. ಒಂದೊಂದನ್ನೂ ಗಾಜಿನ ಮೇಲೆ ಬೆರಳಿಟ್ಟು ಎಣಿಸಿದೆ. ಮೂಗಿನ ಹೊಳ್ಳೆ ಮಾತ್ರ ಒಂದೇ, ನೆತ್ತಿಯ ಮೇಲೆ. ಕಚ್ಚಲು ದವಡೆ ಇಲ್ಲದ ಈ ಜೀವಿ ಬೇರೆ ಮೀನಿಗೆ ಬಾಯಿ ಅಂಟಿಸಿ, ನಾಲಿಗೆಯಿಂದ ಚರ್ಮ ಕೆರೆದು ರಕ್ತ ಹೀರುತ್ತದೆ. ಹೊಳೆಯ ಸೆಳೆತದಲ್ಲಿ ಕಲ್ಲನ್ನೂ ಹಾಗೇ ಬಾಯಲ್ಲಿ ಹಿಡಿದು ನಿಲ್ಲುತ್ತದೆ. ಪೆಟ್ರಾ ಅಂದರೆ ಕಲ್ಲು, ಮೈಝೋ ಅಂದರೆ ಚೀಪುವುದು.

ಇದರ ಜೊತೆಯದು, ದವಡೆ ಇಲ್ಲದ ಇನ್ನೊಂದು ಮೀನು, ಹ್ಯಾಗ್‌ಫಿಶ್. ಮೈ ತುಂಬ ಲೋಳೆ. 1758ರಲ್ಲಿ, ಜೀವಿಗಳನ್ನು ಹೆಸರಿಟ್ಟು ವಿಂಗಡಿಸಿದ ಸ್ವೀಡನ್ನಿನ ಲಿನೇಯಸ್ ಅದನ್ನು ಹುಳುಗಳ ಸಾಲಿಗೆ ಸೇರಿಸಿದ್ದ.

ಅಗ್ನಾಥ ಎಂಬ ಹೆಸರನ್ನು ಬಳಕೆಗೆ ತಂದದ್ದು ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಕೋಪ್, 1889ರಲ್ಲಿ. ಬದುಕಿರುವ ಈ ಎರಡು ಗುಂಪುಗಳ ಜೊತೆಗೆ ದವಡೆಯಿಲ್ಲದ ಪಳೆಯುಳಿಕೆ ಮೀನುಗಳೂ ಅದರಲ್ಲಿ ಸೇರಿದವು. ಅದಕ್ಕೂ ಮೊದಲು, 1806ರಲ್ಲಿ, ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಡ್ಯುಮೆರಿಲ್ ಕೊಟ್ಟ ಹೆಸರು ಸೈಕ್ಲೋಸ್ಟೋಮ್, ಅಂದರೆ ದುಂಡುಬಾಯಿ. ನನಗೆ ಇಷ್ಟವಾಗುವುದು ಈ ಹಳೆಯ ಹೆಸರೇ. ಅದು ಆ ಪ್ರಾಣಿಗೆ ಏನಿದೆ ಅಂತ ಹೇಳುತ್ತದೆ. ಇಲ್ಲದ್ದನ್ನು ಹಿಡಿದು ಹೆಸರಿಟ್ಟರೆ ದೂರದ ನೆಂಟರೆಲ್ಲ ಒಂದೇ ಮನೆಗೆ ಸೇರಿಬಿಡುತ್ತಾರೆ. ಅಗ್ನಾಥದಲ್ಲಿ ಆಗಿದ್ದೂ ಅದೇ. ಆ ಪಳೆಯುಳಿಕೆ ಮೀನುಗಳಲ್ಲಿ ಕೆಲವು ಲ್ಯಾಂಪ್ರೆಗಿಂತ ನಮ್ಮಂಥ ದವಡೆಯವರಿಗೇ ಹತ್ತಿರ. ಲ್ಯಾಂಪ್ರೆ, ಹ್ಯಾಗ್‌ಫಿಶ್ ಮಾತ್ರ ಒಂದೇ ಬಳ್ಳಿಯವು ಎಂದು ಈಗ ಜೀನ್‌ಗಳ ಅಧ್ಯಯನಗಳೂ ಹೇಳುತ್ತಿವೆ. ಇದನ್ನು ಓದಿದಾಗ ಮೊದಲು ಮೇಷ್ಟ್ರಿಗೆ ಹೇಳಬೇಕು ಅನ್ನಿಸಿತು. ಅಷ್ಟು ಹೊತ್ತಿಗೆ ಅವರಿರಲಿಲ್ಲ.

ಹೋದ ವರ್ಷ ಕಾಲೇಜಿಗೆ ಬಂದಾಗ ಲ್ಯಾಬ್ ತೆಗೆಸಿ ನೋಡಿದೆ. ಜಾಡಿ ಅದೇ ಕಪಾಟಿನಲ್ಲಿದೆ. ಚೀಟಿ ಹಳದಿಯಾಗಿದೆ. ಇಂಗ್ಲಿಷ್ ಹೆಸರಿನ ಕೆಳಗೆ ಅವರ ಕೈಬರಹ ಇನ್ನೂ ಓದಲು ಬರುತ್ತದೆ: ‘ಕಲ್ಲು ಚೀಪುವ ಮೀನು’.