ಒಂಬತ್ತನೇ ನಿಮಿಷದ ಆ ಪಾಸ್

2019ರ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನ ಅಮೆರಿಕ–ಸ್ಪೇನ್ ಪಂದ್ಯವನ್ನು ಈ ವಾರ ಮತ್ತೆ ನೋಡಿದೆ. ಒಂಬತ್ತನೇ ನಿಮಿಷ ದಾಟಿ ಮುಂದಕ್ಕೆ ಹೋಗಲಾಗಲಿಲ್ಲ. ಅಮೆರಿಕದ ಗೋಲ್‌ಕೀಪರ್ ನೇಯರ್ ಹತ್ತಿರದಲ್ಲೇ ಇದ್ದ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವಿನಲ್ಲಿ ಕಾಯುವ ಆಟಗಾರ್ತಿ) ಬೆಕಿ ಸೌರ್‌ಬ್ರನ್‌ಗೆ ಪಾಸ್ ಕೊಡುತ್ತಾರೆ. ಚೆಂಡು ಕಾಲಿಗೆ ಸಿಗುವಷ್ಟರಲ್ಲಿ ಸ್ಪೇನ್‌ನ ಲೂಸಿಯಾ ಗಾರ್ಸಿಯಾ ಮೈಮೇಲೆ ಬಂದಾಗಿದೆ. ಚೆಂಡು ಹೋಯಿತು. ಅವರ ಜೊತೆಗಾರ್ತಿ ಎರ್ಮೋಸೊ ಅದನ್ನು ಬಾಗಿಸಿ ಬಲೆಗೆ ಹಾಕಿದರು.

ಸೌರ್‌ಬ್ರನ್ ಆಗ 34ರ ಆಟಗಾರ್ತಿ, ವಯಸ್ಸಾಯಿತು ಅಂದುಬಿಡಬಹುದು. ನಾನು ಒಪ್ಪುವುದಿಲ್ಲ. ತಪ್ಪಿನ ದೊಡ್ಡ ಪಾಲು ಆ ಪಾಸಿನದು. ಎದುರಾಳಿ ಓಡಿ ಬರುತ್ತಿರುವಾಗ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನ ಎದುರು, ನಡುವಿಗೇ ಚೆಂಡು ಕೊಡಬಾರದು. ಸೆಂಟರ್ ಬ್ಯಾಕ್ ಮಾಡಬೇಕಾದದ್ದೂ ಇದೆ: ಪಾಸ್ ಹೊರಡುವ ಮೊದಲೇ ಭುಜದ ಮೇಲಿಂದ ಹಿಂದೆ ನೋಡಬೇಕು, ಮೈ ಓರೆ ಮಾಡಿ ನಿಂತು ಪಾಸ್ ಬರುವ ಕಡೆಯಿಂದ ದೂರದ ಕಾಲಿನಲ್ಲಿ ಚೆಂಡು ತಗೋಬೇಕು. ಕೀಪರ್‌ಗೆ ನೇರ ಮುಖ ಕೊಟ್ಟು ನಿಂತರೆ ಮೈದಾನವೆಲ್ಲ ಬೆನ್ನ ಹಿಂದೆ ಬೀಳುತ್ತದೆ.

ಮೊದಲೇ ನೋಡಿಕೊಳ್ಳುವುದೇ ಸೌರ್‌ಬ್ರನ್ ಆಟದ ಜೀವವಾಗಿತ್ತು. ಅದಕ್ಕೇ ಆ ದೃಶ್ಯ ಇಷ್ಟು ಕಾಡುತ್ತದೆ. ಓಟದಲ್ಲಿ ಅವರು ಎಂದೂ ಮಿಂಚಾಗಿರಲಿಲ್ಲ. ಸ್ಟ್ರೈಕರ್‌ನಿಂದ ಎರಡು ಹೆಜ್ಜೆ ದೂರ, ಓರೆಯಾಗಿ ನಿಲ್ಲುತ್ತಿದ್ದರು. ಕಾಲು ಚಾಚಿ ಬೀಳುತ್ತಿರಲಿಲ್ಲ. ಗೋಲಿನ ದಾರಿ ಮುಚ್ಚಿ, ಅಂಚಿನ ಗೆರೆಯ ದಾರಿ ಬಿಟ್ಟುಕೊಡುತ್ತಿದ್ದರು. ಎದುರಾಳಿ ಚೆಂಡನ್ನು ಕಾಲಿನಿಂದ ತುಸು ದೂರ ತಳ್ಳಿದ ಕ್ಷಣ ಕಸಿದಾಗಿರುತ್ತಿತ್ತು. 2015ರ ವಿಶ್ವಕಪ್‌ನಲ್ಲಿ ಜೋಡಿಯಾಗಿದ್ದ ಜೂಲಿ ಜಾನ್‌ಸ್ಟನ್ ಮುನ್ನುಗ್ಗಿ ಚೆಂಡಿಗೆ ಹೋಗುವವರು. ಹಾಗೆ ಹೋದಾಗ ಹಿಂದೆ ಖಾಲಿ ಬೀಳುವ ಜಾಗ ತುಂಬುವುದು ಸೌರ್‌ಬ್ರನ್ ಕೆಲಸ. ಆ ವಿಶ್ವಕಪ್‌ನ ಪ್ರತಿ ನಿಮಿಷವೂ ಆಡಿದರು. ಸತತ 540 ನಿಮಿಷ ಅಮೆರಿಕ ಗೋಲು ಬಿಟ್ಟುಕೊಡಲಿಲ್ಲ. ಇದರಲ್ಲಿ ವಿಡಿಯೊ ತುಣುಕು ಮಾಡಿ ತೋರಿಸುವಂಥದ್ದು ಎಷ್ಟಿದೆ? ಅವರು ದಾರಿ ಮುಚ್ಚಿದ್ದರಿಂದ ಬಾರದೇ ಹೋದ ಪಾಸನ್ನು ಯಾರು ತೋರಿಸುತ್ತಾರೆ? ದೇಶಕ್ಕಾಗಿ 219 ಪಂದ್ಯ, ಒಂದೂ ಗೋಲಿಲ್ಲ.

ಸ್ಪೇನ್ ವಿರುದ್ಧ ಕೊನೆಗೆ 2–1ರಿಂದ ಗೆದ್ದರು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು ಇನ್ನೊಂದು ಎಡವಟ್ಟು. ಇಂಗ್ಲೆಂಡಿನ ಎಲೆನ್ ವೈಟ್ ಒದೆಯಲು ಹೊರಟಾಗ ಸೌರ್‌ಬ್ರನ್ ಅರ್ಧ ಹೆಜ್ಜೆ ಹಿಂದಿದ್ದರು. ಹಿಂದೆ ಉಳಿದವರಿಗೆ ಚೆಂಡಿನ ದಾರಿ ಎದುರಾಳಿಯ ಕಾಲಿನ ಮೂಲಕವೇ. ಕಾಲು ತಗುಲಿತು, ವಿಎಆರ್ (ರೆಫರಿಗೆ ನೆರವಾಗುವ ವಿಡಿಯೊ ಮರುಪರಿಶೀಲನೆ) ನೋಡಿ ಪೆನಾಲ್ಟಿ ಕೊಟ್ಟರು. ಸ್ಟೆಫ್ ಹೌಟನ್ ಒದ್ದ ಚೆಂಡನ್ನು ಬಲಕ್ಕೆ ಹಾರಿ ತಡೆದವರು ಅದೇ ನೇಯರ್.