ಲೈಸೆನ್ಸ್ ಕೊಟ್ಟ ಮಾತ್ರಕ್ಕೆ ಪೈಪೋಟಿ ಬರಲ್ಲ: ಮಂಡ್ಯದ ಟವರ್ ಕೆಳಗೆ ನಿಂತು ನೋಡಿದ ಟೆಲಿಕಾಂ ಉದಾರೀಕರಣ

ಮಂಡ್ಯದ ನೂರಡಿ ರಸ್ತೆಯ ಯಾವುದೇ ರೀಚಾರ್ಜ್ ಅಂಗಡಿ ಮುಂದೆ ನಿಂತು ಬೋರ್ಡುಗಳನ್ನು ಎಣಿಸಿ. ಜಿಯೋ, ಏರ್‌ಟೆಲ್, ವಿಐ, ಜೊತೆಗೆ ಬಿಎಸ್‌ಎನ್‌ಎಲ್. ಅಲ್ಲಿಗೆ ಮುಗಿಯಿತು. 2010ರ ಹೊತ್ತಿಗೆ ಕರ್ನಾಟಕ ವೃತ್ತದಲ್ಲಿ (ಟೆಲಿಕಾಂ ಲೈಸೆನ್ಸ್ ಕೊಡಲು ಮಾಡಿಕೊಂಡ ಪ್ರದೇಶಕ್ಕೆ ವೃತ್ತ ಅನ್ನುತ್ತಾರೆ) ವೊಡಾಫೋನ್, ಐಡಿಯಾ ಬೇರೆ ಬೇರೆ ಇದ್ದವು; ಟಾಟಾ ಡೊಕೊಮೊ, ರಿಲಯನ್ಸ್, ಏರ್‌ಸೆಲ್, ಯೂನಿನಾರ್, ಎಂಟಿಎಸ್ ಎಲ್ಲವೂ ಇದ್ದವು. ಆಗ ಇದ್ದ ಕಾನೂನಿಗಿಂತ ಈಗಿನದು ಇನ್ನೂ ಸಡಿಲ. ವಿದೇಶಿ ಬಂಡವಾಳಕ್ಕೆ ಈಗ ಶೇ. 100ರ ತನಕ ದಾರಿ ಇದೆ. ಬಾಗಿಲು ಅಗಲವಾದಷ್ಟೂ ಒಳಗಿರುವವರು ಕಡಿಮೆಯಾದರು.

ಇದು ವಿಚಿತ್ರವೇನಲ್ಲ. ‘ಸರ್ಕಾರದ ಏಕಸ್ವಾಮ್ಯ ಹೋಯಿತು, ಖಾಸಗಿಯವರು ಬಂದರು, ದರ ಬಿತ್ತು’ ಅನ್ನುವುದು ಅರ್ಧ ಕಥೆ. ಒಳಗೆ ಬಂದವನು ಉಳಿಯುತ್ತಾನೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಪತ್ರಿಕೆಯ ಮುಖಪುಟಕ್ಕೆ ಬರದ ಮೂರ್ನಾಲ್ಕು ನಿಯಮಗಳು: ಒಂದು ಜಾಲದ ಕರೆಯನ್ನು ಇನ್ನೊಂದು ಜಾಲ ಎಲ್ಲಿ, ಎಷ್ಟಕ್ಕೆ ತೆಗೆದುಕೊಳ್ಳಬೇಕು, ತರಂಗಾಂತರಕ್ಕೆ (ಸ್ಪೆಕ್ಟ್ರಂ) ಎಷ್ಟು ಬೆಲೆ, ಆದಾಯದಲ್ಲಿ ಸರ್ಕಾರದ ಪಾಲು ಎಷ್ಟು, ಗ್ರಾಹಕ ನಂಬರ್ ಸಮೇತ ಎದ್ದು ಹೋಗಬಹುದೇ.

ಶುರುವಿನಿಂದಲೇ ನೋಡೋಣ. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ ಖಾಸಗಿಯವರನ್ನು ಕರೆಯಿತು ನಿಜ, ಆದರೆ ಒಂದೊಂದು ವೃತ್ತಕ್ಕೆ ಇಬ್ಬರೇ. ಕರ್ನಾಟಕಕ್ಕೆ ಬಂದದ್ದು ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್. ಒಬ್ಬನ ಕೈಯಲ್ಲಿದ್ದದ್ದು ಇಬ್ಬರ ಕೈಗೆ ಬಂತು, ಅಷ್ಟೇ. ದೇಶದ ಮೊದಲ ಮೊಬೈಲ್ ಕರೆ ನಡೆದ 1995ರಲ್ಲಿ ನಿಮಿಷಕ್ಕೆ 16 ರೂಪಾಯಿ ಆಸುಪಾಸು. ಒಳಬರುವ ಕರೆಗೂ ದುಡ್ಡು. ಲೈಸೆನ್ಸ್ ಹಿಡಿಯುವ ಹುರುಪಿನಲ್ಲಿ ಕಂಪನಿಗಳು ಕೈಮೀರಿ ಕೂಗಿದ್ದವು. ಗ್ರಾಹಕರು ಎಣಿಸಿದಷ್ಟು ಬರಲಿಲ್ಲ, ವರ್ಷವರ್ಷದ ನಿಗದಿತ ಶುಲ್ಕ ಕಟ್ಟಲಾಗಲಿಲ್ಲ. 1999ರ ಹೊಸ ನೀತಿ ಅವರನ್ನು ಉಳಿಸಿತು: ನಿಗದಿತ ಶುಲ್ಕ ಬಿಡಿ, ಆದಾಯದಲ್ಲಿ ಪಾಲು ಕೊಡಿ ಎಂದಿತು. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಇಪ್ಪತ್ತು ವರ್ಷದ ಮೇಲೆ ಇದೇ ಕುತ್ತಿಗೆಗೆ ಬಂತು.

ದರ ನಿಜವಾಗಿ ಮುರಿದದ್ದು ಮೂರನೆಯವರು, ನಾಲ್ಕನೆಯವರು ಬಂದ ಮೇಲೆ. ಬಿಎಸ್‌ಎನ್‌ಎಲ್ ಮೊಬೈಲ್ 2002ರಲ್ಲಿ ಶುರುವಾಯಿತು. ಹಚ್ ನಾಲ್ಕನೆಯದಾಗಿ ಸೇರಿತು. ಅತ್ತ ಎಸ್‌ಟಿಡಿ ಮಾರ್ಗ 2000ದಲ್ಲೂ ಐಎಸ್‌ಡಿ 2002ರ ಏಪ್ರಿಲ್‌ನಲ್ಲೂ ಖಾಸಗಿಯವರಿಗೆ ತೆರೆದವು. 2003ರ ಮೇ 1ರಿಂದ ಒಳಬರುವ ಕರೆ ಉಚಿತವಾಯಿತು. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳ ಆಯಸ್ಸು ಮುಗಿಯತೊಡಗಿದ್ದು ಅಲ್ಲಿಂದ.

ವಿಶ್ವ ವ್ಯಾಪಾರ ಸಂಸ್ಥೆಯ ಪಾತ್ರದ ಬಗ್ಗೆ ಒಂದು ಮಾತು. ಮೂಲ ದೂರಸಂಪರ್ಕ ಸೇವೆಗಳ ಮಾತುಕತೆ 1997ರ ಫೆಬ್ರವರಿಯಲ್ಲಿ ಮುಗಿದು, ಒಪ್ಪಂದ 1998ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅಲ್ಲಿ ಭಾರತ ಒಪ್ಪಿದ ವಿದೇಶಿ ಪಾಲು ಶೇ. 25 ಮಾತ್ರ. ಆಮೇಲಿನ ಶೇ. 49, 2005ರ ಶೇ. 74, 2013ರ ಶೇ. 100 ಎಲ್ಲವೂ ನಮ್ಮ ಸರ್ಕಾರಗಳು ತಾವಾಗಿ ತೆರೆದದ್ದು. ಹಾಗಾಗಿ ‘ಡಬ್ಲ್ಯುಟಿಒ ಬಲವಂತ ಮಾಡಿತು’ ಅನ್ನುವ ಭಾಷಣಕ್ಕೆ ಆಧಾರ ತೆಳ್ಳಗೆ. ಶೇಕಡಾವಾರಿಗಿಂತ ಮುಖ್ಯವಾದದ್ದು ಒಪ್ಪಂದದ ಜೊತೆಗಿದ್ದ ‘ರೆಫರೆನ್ಸ್ ಪೇಪರ್’ ಎಂಬ ಚಿಕ್ಕ ದಾಖಲೆ. ದೊಡ್ಡ ಕಂಪನಿ ತನ್ನ ಬಲ ದುರುಪಯೋಗ ಮಾಡಬಾರದು, ಹೊಸಬನಿಗೆ ಜಾಲದ ಸಂಪರ್ಕ ಕೊಡಬೇಕು, ನಿಯಂತ್ರಕ ಸ್ವತಂತ್ರವಾಗಿರಬೇಕು, ತರಂಗಾಂತರದ ಹಂಚಿಕೆ ಪಾರದರ್ಶಕವಾಗಿರಬೇಕು ಎಂಬ ತತ್ವಗಳು ಅದರಲ್ಲಿದ್ದವು. ಭಾರತ ಅದನ್ನು ಇಡಿಯಾಗಿ ಒಪ್ಪದೆ, ತನಗೆ ಬೇಕಾದಷ್ಟನ್ನು ತೆಗೆದುಕೊಂಡಿತು. ದೂರಸಂಪರ್ಕದ ನಿಯಂತ್ರಕ ಟ್ರಾಯ್ ಹುಟ್ಟಿದ್ದೂ 1997ರಲ್ಲೇ. ವ್ಯಾಜ್ಯ ತೀರಿಸಲು ಟಿಡಿಸ್ಯಾಟ್ ಎಂಬ ನ್ಯಾಯಮಂಡಳಿ ಬಂದದ್ದು 2000ದಲ್ಲಿ. ಎರಡೂ ಇಲ್ಲದೆ ಬಾಗಿಲು ತೆರೆದ ಆ ಮೊದಲ ವರ್ಷಗಳಲ್ಲಿ, ಲೈಸೆನ್ಸ್ ಕೊಡುವ ದೂರಸಂಪರ್ಕ ಇಲಾಖೆಯೇ ಆಟಗಾರ, ಅದೇ ಅಂಪೈರ್.

ಜಾಲಗಳ ನಡುವಿನ ಸಂಪರ್ಕ ಅಂದರೆ ಏನು ಅನ್ನುವುದನ್ನು ಲೆಕ್ಕದಲ್ಲೇ ನೋಡಬೇಕು, ಪೈಪೋಟಿಯ ಗುಟ್ಟು ಇರುವುದು ಅಲ್ಲಿ. ‘ಅ’ ಕಂಪನಿಯ ಕರೆ ‘ಬ’ ಕಂಪನಿಯ ಗ್ರಾಹಕನಿಗೆ ಹೋಗಬೇಕಾದರೆ ಇಬ್ಬರ ಸ್ವಿಚ್‌ಗಳ ನಡುವೆ ಒಂದು ಕೂಡುಜಾಗ ಬೇಕು. ಇದಕ್ಕೆ ಪಿಒಐ ಅನ್ನುತ್ತಾರೆ. ಹಳೆಯ ಅಳತೆಯಲ್ಲಿ ಒಂದು ಇ-1 ಪೋರ್ಟ್ ಅಂದರೆ ಏಕಕಾಲಕ್ಕೆ 30 ಮಾತುಕತೆ. ಟ್ರಾಯ್ ಮಾನದಂಡದಂತೆ ಇಲ್ಲಿ ಸಾವಿರಕ್ಕೆ 5ಕ್ಕಿಂತ ಹೆಚ್ಚು ಕರೆ ದಾರಿ ಸಿಗದೆ ಬೀಳಬಾರದು. ಅಷ್ಟಕ್ಕೆ ನಿಲ್ಲಬೇಕಾದರೆ ಒಂದು ಇ-1 ಹೊರಬಹುದಾದ ಭಾರ ಸುಮಾರು 19 ಅರ್ಲಾಂಗ್ (ಒಂದು ಮಾರ್ಗ ಗಂಟೆಯಿಡೀ ತುಂಬಿದ್ದರೆ ಒಂದು ಅರ್ಲಾಂಗ್). ಸರಾಸರಿ ಕರೆ ಎರಡು ನಿಮಿಷ ಅಂದುಕೊಂಡರೆ ಗಂಟೆಗೆ ಸುಮಾರು 570 ಕರೆ. ಈಗ ಅದೇ ಪೋರ್ಟಿನ ಮೇಲೆ ಭಾರ ಎರಡರಷ್ಟಾಯಿತು ಅನ್ನಿ. ಬೀಳುವ ಕರೆ ಎರಡರಷ್ಟಾಗುವುದಿಲ್ಲ. ನೂರಕ್ಕೆ ಅರ್ಧ ಇದ್ದದ್ದು ನೂರಕ್ಕೆ 27ರ ಹತ್ತಿರ ಏರುತ್ತದೆ. ಅಂದರೆ ಹಳಬ ಪೋರ್ಟ್ ಕೊಡಲು ‘ಇಲ್ಲ’ ಅನ್ನಬೇಕಾಗಿಯೇ ಇಲ್ಲ. ‘ಕೊಡ್ತೀವಿ, ಸ್ವಲ್ಪ ತಡೀರಿ’ ಅಂದರೆ ಸಾಕು. ಗ್ರಾಹಕ ಬೈಯುವುದು ಹೊಸ ಸಿಮ್ಮನ್ನೇ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಾಗ ಜಗಳ ನಡೆದದ್ದು ಇದರ ಮೇಲೆಯೇ. ಪೋರ್ಟ್ ಸಾಲದು ಎಂದು ಜಿಯೋ, ಉಚಿತ ಕರೆಯ ಸುನಾಮಿ ಎಂದು ಹಳಬರು. ಮೂರು ಹಳೆಯ ಕಂಪನಿಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ಹಾಕಬೇಕೆಂದು ಟ್ರಾಯ್ ಅದೇ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿತು. ಆಮೇಲೆ 2018ರ ನಿಯಮಾವಳಿ, ಕೇಳಿದ 30 ದಿನದೊಳಗೆ ಸಂಪರ್ಕ ಒಪ್ಪಂದ ಆಗಬೇಕು ಎಂದು ಗಡುವು ಹಾಕಿತು. ಇಷ್ಟು ಬಿಗಿಯಾದ ಗಡುವು ಮೊದಲೇ ಇದ್ದಿದ್ದರೆ ಅಷ್ಟು ಗದ್ದಲ ಆಗುತ್ತಿರಲಿಲ್ಲ.

ಕೂಡುಜಾಗದ ಬಾಡಿಗೆಯಂಥದ್ದೇ ಇನ್ನೊಂದು ಲೆಕ್ಕ ಟರ್ಮಿನೇಷನ್ ಶುಲ್ಕ. ಕರೆ ಮಾಡಿದವನ ಕಂಪನಿ, ಕರೆ ತೆಗೆದುಕೊಂಡವನ ಕಂಪನಿಗೆ ಕೊಡಬೇಕಾದ ಪೈಸೆ. ನೂರರಲ್ಲಿ ಐದೇ ಗ್ರಾಹಕರಿರುವ ಹೊಸ ಕಂಪನಿಯ ಸಾವಿರ ನಿಮಿಷ ಮಾತಿನಲ್ಲಿ ಹೆಚ್ಚುಕಡಿಮೆ 950 ನಿಮಿಷ ಹೊರಗಿನ ಜಾಲಕ್ಕೇ ಹೋಗುತ್ತದೆ. ನಿಮಿಷಕ್ಕೆ 14 ಪೈಸೆ ಇದ್ದಾಗ ಅದು 133 ರೂಪಾಯಿ, 6 ಪೈಸೆಗೆ 57 ರೂಪಾಯಿ, ಸೊನ್ನೆಗೆ ಸೊನ್ನೆ. ತಿರುಗಿ ಬರುವ ಕರೆಗಳಿಂದ ಒಂದಿಷ್ಟು ವಾಪಸ್ ಬರುತ್ತದೆ, ಆದರೆ ಮಾತು ಉಚಿತ ಕೊಟ್ಟವನ ಜಾಲದಿಂದ ಹೊರಹೋಗುವುದೇ ಜಾಸ್ತಿ. ಮಿಸ್ಡ್ ಕಾಲ್ ಕೊಡುವುದರಲ್ಲಿ ನಮ್ಮವರಷ್ಟು ಪಳಗಿದವರಿಲ್ಲವಲ್ಲ. ಟ್ರಾಯ್ ಈ ಶುಲ್ಕವನ್ನು 2009ರಲ್ಲಿ 20 ಪೈಸೆಗೆ, 2015ರಲ್ಲಿ 14ಕ್ಕೆ, 2017ರ ಅಕ್ಟೋಬರ್‌ನಲ್ಲಿ 6ಕ್ಕೆ ಇಳಿಸಿ, 2021ರ ಜನವರಿ 1ರಿಂದ ತೆಗೆದೇ ಹಾಕಿತು. ಪ್ರತಿ ಇಳಿಕೆಯೂ ಹೊಸಬನ ಕಡೆಗೆ, ಹಳಬನ ವಿರುದ್ಧ. 14ರಿಂದ 6ಕ್ಕೆ ಇಳಿಸಿದ್ದು ವೆಚ್ಚದ ಲೆಕ್ಕದಲ್ಲಿ ಸರಿಯಿರಬಹುದು. ಆದರೆ ಹಳಬರು ಉಚಿತ ಡೇಟಾದ ಹೊಡೆತದಲ್ಲಿ ಒದ್ದಾಡುತ್ತಿದ್ದ ಹೊತ್ತು ನೋಡಿ ಇಳಿಸಿದ್ದು ಅವರಲ್ಲಿನ ಚಿಕ್ಕ ಕಂಪನಿಗಳಿಗೆ ಎರಡು ಕಡೆಯಿಂದ ಪೆಟ್ಟು ಕೊಟ್ಟಿತು.

ತರಂಗಾಂತರದ ವಿಷಯ ಬೇಗ ಮುಗಿಸುತ್ತೇನೆ, ರಾಜಕೀಯ ಎಲ್ಲರಿಗೂ ಗೊತ್ತು. 2008ರಲ್ಲಿ ಮೊದಲು ಬಂದವರಿಗೆ ಮೊದಲು ಎಂದು ಹಂಚಿದ 122 ಲೈಸೆನ್ಸ್‌ಗಳನ್ನು ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 2ರಂದು ರದ್ದು ಮಾಡಿತು. ಮುಂದೆ ಹರಾಜೇ ದಾರಿ. ಅದೇ ನವೆಂಬರ್‌ನ ಹರಾಜಿನಲ್ಲಿ 1800 ಮೆಗಾಹರ್ಟ್ಸ್‌ಗೆ ಕರ್ನಾಟಕ ವೃತ್ತದಲ್ಲಿ ಒಬ್ಬನೂ ಕೂಗಲಿಲ್ಲ. ದೆಹಲಿ, ಮುಂಬೈ, ರಾಜಸ್ಥಾನದ ಗತಿಯೂ ಅದೇ. ಮೂಲಬೆಲೆಯೇ ಆಕಾಶದಲ್ಲಿತ್ತು. ಮೊದಲು ತೀರಾ ಅಗ್ಗ ಮಾಡಿ ಗುಂಪು ಸೇರಿಸುವುದು, ಆಮೇಲೆ ತೀರಾ ದುಬಾರಿ ಮಾಡಿ ಗುಂಪು ಚದುರಿಸುವುದು.

ಇನ್ನು ಆ ಆದಾಯದ ಪಾಲು. ‘ಆದಾಯ’ ಅಂದರೆ ಯಾವುದು? ಟೆಲಿಕಾಂ ಸೇವೆಯಿಂದ ಬಂದದ್ದು ಮಾತ್ರ ಎಂದು ಕಂಪನಿಗಳು. ಬಡ್ಡಿ, ಬಾಡಿಗೆ, ಡಿವಿಡೆಂಡ್ ಎಲ್ಲವೂ ಸೇರಿ ಎಂದು ಇಲಾಖೆ. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಇಲಾಖೆಯ ಪರ ನಿಂತಿತು. ವರ್ಷಗಟ್ಟಲೆ ಹಿಂದಿನ ಬಾಕಿ, ಅದಕ್ಕೆ ಬಡ್ಡಿ, ದಂಡ, ದಂಡದ ಮೇಲೆ ಬಡ್ಡಿ. ಏರ್‌ಸೆಲ್, ರಿಲಯನ್ಸ್ ಕಮ್ಯುನಿಕೇಷನ್ಸ್ ಅಷ್ಟರಲ್ಲೇ ಮುಳುಗಿದ್ದವು. ವೊಡಾಫೋನ್ ಮತ್ತು ಐಡಿಯಾ 2018ರಲ್ಲೇ ಒಂದಾಗಿದ್ದವು. ಬಾಕಿಯನ್ನು ಷೇರಾಗಿ ಬದಲಿಸಿಕೊಳ್ಳುತ್ತ ಹೋಗಿ 2025ರ ಹೊತ್ತಿಗೆ ವಿಐನಲ್ಲಿ ಸರ್ಕಾರದ ಪಾಲು ಶೇ. 49ರ ಹತ್ತಿರ ಬಂತು. 1999ರಲ್ಲಿ ಜೀವ ಉಳಿಸಿದ ಷರತ್ತು 2019ರಲ್ಲಿ ಜೀವ ತೆಗೆದದ್ದು ಹೀಗೆ. ಖಾಸಗೀಕರಣದ ದಾರಿಯಲ್ಲಿ ಹೊರಟ ಸರ್ಕಾರ ಒಂದು ಖಾಸಗಿ ಕಂಪನಿಯ ದೊಡ್ಡ ಷೇರುದಾರನಾಗಿ ಕೂತಿದೆ.

ಪೈಪೋಟಿ ಎಷ್ಟಿದೆ ಎಂದು ಅಳೆಯಲು ಅರ್ಥಶಾಸ್ತ್ರದವರು ಎಚ್‌ಎಚ್‌ಐ ಎಂಬ ಸೂಚ್ಯಂಕ ಬಳಸುತ್ತಾರೆ. ಪ್ರತಿ ಕಂಪನಿಯ ಮಾರುಕಟ್ಟೆ ಪಾಲಿನ ವರ್ಗ ಮಾಡಿ ಕೂಡಿದರೆ ಆಯಿತು. ಹತ್ತು ಜನ ಸಮ ಹಂಚಿಕೊಂಡರೆ 1,000. ಮೂವರು 40, 35, 25 ಹಂಚಿಕೊಂಡರೆ 3,450. ಅಂಕಿ ಏರಿದಷ್ಟೂ ಪೈಪೋಟಿ ಕಡಿಮೆ. ಆದರೆ ಈ ಲೆಕ್ಕ ಮಾಡುವುದು ಇಡೀ ಕರ್ನಾಟಕ ವೃತ್ತಕ್ಕೆ. ಲೈಸೆನ್ಸ್ ಇರುವುದೂ ವೃತ್ತಕ್ಕೆ. ಕಬ್ಬು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಜಿಲ್ಲೆಯಲ್ಲಿ ಎಷ್ಟು ಕಾರ್ಖಾನೆ ಇವೆ ಅನ್ನುವುದಲ್ಲ, ನಮ್ಮ ಗದ್ದೆಗೆ ಕಟಾವಿಗೆ ಯಾರು ಬರುತ್ತಾರೆ ಅನ್ನುವುದೇ ಪ್ರಶ್ನೆ. ನಾಗಮಂಗಲದ ಒಳಗಿನ ಹಳ್ಳಿಯಲ್ಲಿ ಮನೆಯೊಳಗೆ ಸಿಗ್ನಲ್ ಬರುವುದು ಎರಡೇ ಕಂಪನಿಯದ್ದು, 60–40 ಪಾಲು ಅಂದರೆ ಅಲ್ಲಿನ ಎಚ್‌ಎಚ್‌ಐ 5,200.

ಟವರ್ ಹಂಚಿಕೆಯನ್ನೂ ಇಲ್ಲೇ ನೋಡಬೇಕು. 2008ರಿಂದ ಕಂಬ, ಶೆಡ್, ಬ್ಯಾಟರಿ, ಜನರೇಟರ್ ಹಂಚಿಕೊಳ್ಳಬಹುದು. 2016ರಿಂದ ಆ್ಯಂಟೆನಾ, ಫೀಡರ್ ಕೇಬಲ್, ರೇಡಿಯೊ ಉಪಕರಣವನ್ನೂ. ಖರ್ಚು ಇಳಿಯುತ್ತದೆ, ಹಳ್ಳಿಗೆ ಬರಲು ಧೈರ್ಯ ಬರುತ್ತದೆ, ಒಳ್ಳೆಯದೇ. ಆದರೆ ಕರೆಂಟ್ ಹೋಗಿ, ಬ್ಯಾಟರಿ ಇಳಿದು, ಡೀಸೆಲ್ ಹಾಕುವವನು ಬರದಿದ್ದರೆ ಒಂದೇ ಕಂಬದ ಮೂರು ಕಂಪನಿಯೂ ಒಟ್ಟಿಗೆ ಮಲಗುತ್ತವೆ. ಎರಡು ಸಿಮ್ ಇಟ್ಟುಕೊಂಡವರು ಎರಡೂ ಒಂದೇ ಟವರಿನಿಂದ ಬರುತ್ತಿವೆಯೇ ನೋಡಿಕೊಳ್ಳಬೇಕು. ಕಂಪನಿಗಳು ವ್ಯಾಪ್ತಿ ನಕ್ಷೆಯನ್ನು ತಮ್ಮ ತಾಣದಲ್ಲಿ ಹಾಕಲೇಬೇಕು ಎಂದು 2024ರ ಗುಣಮಟ್ಟ ನಿಯಮ ಹೇಳುತ್ತದೆ. ಆದರೆ ನಕ್ಷೆಯ ಬಣ್ಣ ಬಯಲಿನದ್ದು, ಹೆಂಚಿನ ಮನೆಯ ನಡುಮನೆಯದ್ದಲ್ಲ.

ಮೊಬೈಲಿಗಿಂತ ಜೀವಂತ ಪೈಪೋಟಿ ಇರುವುದು ಮೈಸೂರಿನ ಫೈಬರ್ ಸಂಪರ್ಕದಲ್ಲಿ. ಕಾರಣ ಪ್ರವೇಶ ಶುಲ್ಕ. 1998ರಲ್ಲಿ ಇಂಟರ್ನೆಟ್ ಸೇವೆ ಖಾಸಗಿಯವರಿಗೆ ತೆರೆಯಿತು. ಏಕೀಕೃತ ಲೈಸೆನ್ಸ್ ಚೌಕಟ್ಟಿನಲ್ಲಿ ಇಡೀ ದೇಶದ ‘ಎ’ ವರ್ಗಕ್ಕೆ 30 ಲಕ್ಷ, ಒಂದು ವೃತ್ತದ ‘ಬಿ’ಗೆ 2 ಲಕ್ಷ, ಜಿಲ್ಲೆಯಷ್ಟಗಲದ ‘ಸಿ’ಗೆ ಬರೀ 20,000 ರೂಪಾಯಿ. ಹಾಗಾಗಿ ನಿನ್ನೆಯ ಕೇಬಲ್ ಟಿವಿಯವರು ಇವತ್ತು ಬ್ರಾಡ್‌ಬ್ಯಾಂಡ್‌ನವರು. ಇವರ ಕುತ್ತಿಗೆ ಹಿಡಿಯುವುದು ಲೈಸೆನ್ಸ್ ಅಲ್ಲ, ಕಂಬ. ತಂತಿ ಎಳೆಯುವುದು ವಿದ್ಯುತ್ ಕಂಪನಿ ಸೆಸ್ಕ್‌ನ ಕಂಬದ ಮೇಲೆ, ರಸ್ತೆ ಅಗೆಯಲು ಪಾಲಿಕೆಯ ಅನುಮತಿ. ಮಾರ್ಗ ಹಕ್ಕಿನ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಕಡತ ಸಾಗುವ ವೇಗ ಮಾತ್ರ ಕಚೇರಿಯಿಂದ ಕಚೇರಿಗೆ ಬೇರೆ.

ಸಂಪರ್ಕ ತೆಗೆದುಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ. ಒಂದು, ಪ್ರತಿ ಪಾನ್ ಪೋರ್ಟಿಗೆ (ಕಂಪನಿಯ ಕಡೆ ಒಂದು ಫೈಬರ್ ಎಳೆ ಹಲವು ಮನೆಗೆ ಕವಲೊಡೆಯಲು ಹೊರಡುವ ಜಾಗ) ಎಷ್ಟು ಮನೆ? ಜಿಪಾನ್ ಎಂಬ ಬಗೆಯ ಪೋರ್ಟಿನಲ್ಲಿ ಇಳಿಯುವ ವೇಗ 2.5 ಗಿಗಾಬಿಟ್, 64 ಮನೆ ಹಂಚಿಕೊಂಡರೆ, ಎಲ್ಲರೂ ಒಟ್ಟಿಗೆ ಕೂತ ರಾತ್ರಿ ಒಂಬತ್ತಕ್ಕೆ ಮನೆಗೆ 39 ಮೆಗಾಬಿಟ್, ನೀವು ಕೊಂಡದ್ದು 100ರ ಪ್ಲಾನ್ ಆದರೂ. ಎರಡು, ಮನೆಯ ಡಬ್ಬಿಗೆ ಬೆಳಕು ಎಷ್ಟು ಬರುತ್ತಿದೆ? ಇದರ ಅಳತೆ ಡಿಬಿಎಂ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 27 ಡಿಬಿಎಂ ಸಾಮಾನ್ಯ ಕೊನೆಯ ಮಿತಿ. ಮೈನಸ್ 25ರ ಆಚೆ ಇದ್ದರೆ ಸಾಮಾನ್ಯವಾಗಿ ಎಲ್ಲೋ ತಂತಿ ಮಡಿಚಿದೆ ಅಥವಾ ಜೋಡಣೆ ಕೊಳೆಯಾಗಿದೆ. ಮಳೆಗಾಲದಲ್ಲಿ ಸಂಪರ್ಕ ಹೋಗಿ ಬಂದು ಮಾಡುವುದು ಸಾಮಾನ್ಯವಾಗಿ ಇಂಥ ಮನೆಗಳಲ್ಲೇ. ಬಿಲ್ಡರ್ ಒಂದೇ ಕಂಪನಿಗೆ ಒಳದಾರಿ ಬಿಟ್ಟುಕೊಟ್ಟ ಅಪಾರ್ಟ್‌ಮೆಂಟುಗಳಲ್ಲಿ ಈ ಪ್ರಶ್ನೆಗಳಿಗೂ ಬೆಲೆಯಿಲ್ಲ.

ಗ್ರಾಹಕನ ಕೈಯಲ್ಲಿರುವ ಗಟ್ಟಿ ಅಸ್ತ್ರ ನಂಬರ್ ಪೋರ್ಟಬಿಲಿಟಿ. ದೇಶವಿಡೀ ಬಂದದ್ದು 2011ರ ಜನವರಿ 20ರಂದು. ಮಾಡುವ ಕ್ರಮ: ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್. ಎಂಟು ಅಕ್ಷರದ ಯುಪಿಸಿ ಸಂಕೇತ ಬರುತ್ತದೆ, ನಮ್ಮ ವೃತ್ತದಲ್ಲಿ ಅದರ ಆಯಸ್ಸು ನಾಲ್ಕು ದಿನ. ಅದರೊಳಗೆ ಹೊಸ ಕಂಪನಿಯ ಅಂಗಡಿಗೆ ಗುರುತಿನ ಚೀಟಿ ಸಮೇತ ಹೋಗಬೇಕು. ವೃತ್ತದೊಳಗೆ ಮೂರು ಕೆಲಸದ ದಿನ, ಹೊರ ವೃತ್ತಕ್ಕೆ ಐದು. ಸಂಕೇತ ಬರಲಿಲ್ಲ ಅಂದರೆ ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು: ಈಗಿನ ಕಂಪನಿಗೆ ಸೇರಿ 90 ದಿನ ಆಗಿಲ್ಲ, ಪೋಸ್ಟ್‌ಪೇಯ್ಡ್ ಬಾಕಿ ಇದೆ, ನಂಬರ್ ಮಾಲೀಕತ್ವ ಬದಲಾವಣೆ ನಡೆಯುತ್ತಿದೆ, ಅಥವಾ ಏಳು ದಿನದೊಳಗೆ ಸಿಮ್ ಬದಲಿಸಿದ್ದೀರಿ. ಈ ಕೊನೆಯದು 2024ರ ಜುಲೈ 1ರಿಂದ ಬಂದದ್ದು, ಸಿಮ್ ಕದ್ದು ಬ್ಯಾಂಕ್ ಖಾತೆ ಬಳಿಯುವವರನ್ನು ತಡೆಯಲು. ಪ್ರೀಪೇಯ್ಡ್‌ನಲ್ಲಿ ಉಳಿದ ಬ್ಯಾಲೆನ್ಸ್, ದಿನಗಳು ಹೊಸ ಕಂಪನಿಗೆ ಬರುವುದಿಲ್ಲ. ಪ್ಲಾನ್ ಮುಗಿಯುವ ಹೊತ್ತಿಗೆ ಹೊರಡಿ. ಬದಲಾಗುವ ರಾತ್ರಿ ಕೆಲವು ಗಂಟೆ ನೆಟ್‌ವರ್ಕ್ ಇರುವುದಿಲ್ಲ, ಅವತ್ತು ಒಟಿಪಿ ಬೇಕಾದ ಕೆಲಸ ಇಟ್ಟುಕೊಳ್ಳಬೇಡಿ.

ಈ ಸವಲತ್ತು ಮೊಬೈಲಿಗೆ ಮಾತ್ರ. ಮೈಸೂರಿನ 0821 ಅಥವಾ ಮಂಡ್ಯದ 08232ರ ಸ್ಥಿರ ದೂರವಾಣಿ ನಂಬರನ್ನು ಇನ್ನೊಂದು ಕಂಪನಿಗೆ ಒಯ್ಯಲು ಆಗುವುದಿಲ್ಲ. ದೇವರಾಜ ಅರಸು ರಸ್ತೆಯಲ್ಲಿ ಅಂಗಡಿ ಇಟ್ಟವರು, ಕ್ಲಿನಿಕ್ ನಡೆಸುವವರು ಫೈಬರ್ ಜೊತೆ ಉಚಿತವಾಗಿ ಸಿಕ್ಕ ಲ್ಯಾಂಡ್‌ಲೈನ್ ನಂಬರನ್ನು ಬೋರ್ಡಿಗೆ, ಬಿಲ್ ಪುಸ್ತಕಕ್ಕೆ ಅಚ್ಚು ಹಾಕಿಸಿದರೆ, ಕಂಪನಿ ಬದಲಿಸುವ ದಿನ ಬೋರ್ಡನ್ನೂ ಬದಲಿಸಬೇಕು. ಬೋರ್ಡಿಗೆ ಮೊಬೈಲ್ ನಂಬರೇ ಬರೆಸಿ.